ಮಾಳಿಗೆ ಮೇಲೆ ನಿಂತು ಇಂಗ್ಲಿಷ್ ದಿಕ್ಕು ಕಲಿಯಿರಿ

ಕಲಬುರಗಿಯಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವನು ನಾನು. ಮೊನ್ನೆ ಮೊಮ್ಮಗಳು ಟೆಸ್ಟ್‌ನಲ್ಲಿ ‘ಈಸ್ಟ್‌ನಾರ್ತ್’ ಅಂತ ಬರೆದು ಎರಡು ಮಾರ್ಕ್ಸ್ ಕಳೆದುಕೊಂಡು ಬಂದಳು. ಪಾಪ, ಅದು ಆಗುವಂಥದ್ದೇ. ನಮ್ಮಲ್ಲಿ ಮೂಲೆಗೊಂದು ಹೆಸರು, ಈಶಾನ್ಯ ಅಂದರೆ ಮುಗಿಯಿತು. ಇಂಗ್ಲಿಷ್‌ನಲ್ಲಿ ಎರಡು ದಿಕ್ಕು ಜೋಡಿಸಬೇಕು. ಜೋಡಿಸುವಾಗ ನಾರ್ತ್ ಅಥವಾ ಸೌತ್ ಮೊದಲು, ಈಸ್ಟ್ ವೆಸ್ಟ್ ಆಮೇಲೆ.

ನೆನಪಿಗೆ ಬಸ್ಸಿನ ಹೆಸರು ಸಾಕು. 2021ರಲ್ಲಿ ಕಲ್ಯಾಣ ಕರ್ನಾಟಕ ಅಂತ ಬದಲಾಗುವ ಮುಂಚೆ ನಮ್ಮ ಸಂಸ್ಥೆ ಈಶಾನ್ಯ ಕರ್ನಾಟಕ, ಅಂದರೆ ನಾರ್ತ್ ಈಸ್ಟ್. ಹುಬ್ಬಳ್ಳಿಯದು ವಾಯವ್ಯ, ನಾರ್ತ್ ವೆಸ್ಟ್. ತಮಾಷೆ ನೋಡಿ, ಅದೇ ಹುಬ್ಬಳ್ಳಿಯ ರೈಲ್ವೆ ಮಾತ್ರ ನೈಋತ್ಯ, ಸೌತ್ ವೆಸ್ಟರ್ನ್. ಬಸ್ಸಿನವರು ಕರ್ನಾಟಕ ನೋಡಿ ಹೆಸರಿಟ್ಟರು, ರೈಲಿನವರು ಇಡೀ ದೇಶ ನೋಡಿ. ಉಳಿದದ್ದು ಆಗ್ನೇಯ, ಸೌತ್ ಈಸ್ಟ್.

ಈಗ ಮಾಳಿಗೆ ಹತ್ತಿ. ಫೋನಿನ ಕಂಪಾಸ್ ನೋಡಿ ಚಾಕ್‌ಪೀಸಿನಿಂದ ದೊಡ್ಡದೊಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆಯಿರಿ. ಸೂರ್ಯನನ್ನು ನಂಬಬೇಡಿ. ಜೂನ್ ಕೊನೆಯಲ್ಲಿ ಅವನು ನಮ್ಮೂರಲ್ಲಿ ಪೂರ್ವದಿಂದ ಸುಮಾರು 25 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಗೆರೆ ಮೇಲೆ ನಿಂತು ಊರುಗಳ ಕಡೆ ಕೈ ತೋರಿಸಿ. ನಮ್ಮ ಕಲಬುರಗಿಯಿಂದ ಹೈದರಾಬಾದ್ ನೇರ ಈಸ್ಟ್. ಬೀದರ್ ನಾರ್ತ್‌ಈಸ್ಟ್. ಯಾದಗಿರಿ ಸೌತ್‌ಗೂ ಸೌತ್‌ಈಸ್ಟ್‌ಗೂ ನಡುವೆ, ಆದ್ದರಿಂದ ಸೌತ್-ಸೌತ್‌ಈಸ್ಟ್. ಸೊಲ್ಲಾಪುರ ವೆಸ್ಟ್-ನಾರ್ತ್‌ವೆಸ್ಟ್. ಹೀಗೆ ನಡುನಡುವೆ ಸೇರಿ ಒಟ್ಟು 16.

ಒಂದು ಉಚ್ಚಾರ ಹೇಳಿಬಿಡುತ್ತೇನೆ. ಸೌತ್ ಸರಿ, ಆದರೆ ‘ಸೌತರ್ನ್’ ಅಲ್ಲ, ‘ಸದರ್ನ್’. ನಾನು ಸರ್ವಿಸ್ ಪೂರ್ತಿ ತಪ್ಪೇ ಹೇಳಿದೆ.

ಗಾಳಿ ಬಂದಾಗ ಎಲ್ಲರೂ ಎಡವುತ್ತಾರೆ. ಒಂದು ಊದುಬತ್ತಿ ಹಚ್ಚಿ ಹಿಡಿಯಿರಿ. ಹೊಗೆ ಹೈದರಾಬಾದ್ ಕಡೆ ಹೋದರೆ ಅದು ಈಸ್ಟ್ ವಿಂಡ್ ಅಲ್ಲ, ವೆಸ್ಟ್ ವಿಂಡ್. ಗಾಳಿಗೆ ಅದು ಬಂದ ಕಡೆಯ ಹೆಸರು. ನಮ್ಮ ಮೂಡಗಾಳಿಯೂ ಮೂಡಣದಿಂದ ಬರುವುದೇ ಅಲ್ವಾ? ಸೌತ್‌ವೆಸ್ಟ್ ಮಾನ್ಸೂನೂ ಹಾಗೇ, ನೈಋತ್ಯದಿಂದ ಬರುವ ಮಳೆಗಾಳಿ. ಗಾಳಿಗೆ ವೆಸ್ಟರ್ಲಿ ಅಂದರೂ ಇದೇ ಅರ್ಥ. ಆದರೆ ಈಸ್ಟ್‌ವರ್ಡ್, ಈಸ್ಟ್‌ಬೌಂಡ್ ಅಂದರೆ ಹೋಗುವ ದಿಕ್ಕು. ಹೈದರಾಬಾದ್ ಬಸ್ಸು ಈಸ್ಟ್‌ಬೌಂಡ್, ವೆಸ್ಟರ್ಲಿ ಬೀಸಿದರೆ ಅದಕ್ಕೆ ಬೆನ್ನಿಗೆ ಗಾಳಿ, ಟೇಲ್‌ವಿಂಡ್. ವಾಪಸ್ ಬರುವಾಗ ಅದೇ ಗಾಳಿ ಹೆಡ್‌ವಿಂಡ್.

ಮೆಲ್ಲಗೆ ಬೀಸಿದರೆ ಬ್ರೀಜ್. ಫಟ್ಟನೆ ಬೀಸಿ ನಿಂತರೆ ಗಸ್ಟ್. ಗಂಟೆಗೆ 62 ಕಿಲೋಮೀಟರ್ ದಾಟಿದರೆ ಗೇಲ್.

ವಿಂಡ್‌ವರ್ಡ್, ಲೀವರ್ಡ್ ಮೊಮ್ಮಗಳ ತಲೆಗೆ ಹೋಗಲೇ ಇಲ್ಲ. ಕೊನೆಗೆ ಕಣದ ಕಥೆ ಹೇಳಿದೆ. ತೊಗರಿ ರಾಶಿ ತೂರುವಾಗ ಕಾಳು ಕಾಲ ಬಳಿ ಬೀಳುತ್ತಿತ್ತು, ಹೊಟ್ಟು ಆಚೆ ಹಾರುತ್ತಿತ್ತು. ಗಾಳಿ ಬರುವ ಬದಿ ವಿಂಡ್‌ವರ್ಡ್. ನಮ್ಮವ್ವ “ಹೊಟ್ಟು ಹಾರೋ ಕಡಿ ನಿಂದರಬ್ಯಾಡೋ, ಕಣ್ಣಾಗ ಬೀಳ್ತದ” ಅಂತ ಬೈಯುತ್ತಿದ್ದಳಲ್ಲ, ಆ ಬದಿ ಲೀವರ್ಡ್.