ನಗರಸಭೆ ಬಜೆಟ್ ಓದುವುದು ಹೇಗೆ?

ಫೆಬ್ರುವರಿ, ಮಾರ್ಚ್ ಬಂತೆಂದರೆ ಪೇಪರಿನಲ್ಲಿ ಈ ಸುದ್ದಿ ಇದ್ದದ್ದೇ: ‘ನಗರಸಭೆ: ಇಷ್ಟು ಲಕ್ಷ ಉಳಿತಾಯ ಬಜೆಟ್’. ಉಳಿದಿದ್ದರೆ ನಮ್ಮ ಓಣಿ ಚರಂಡಿ ಯಾಕೆ ಹಂಗೇ ಇದೆ ಅಂತ ಚಹಾ ಅಂಗಡಿಯಲ್ಲಿ ವಾದ ಶುರು. ಯಾದಗಿರಿಯಂಥ ಊರಿನ ಲೆಕ್ಕ ಓದಲು ಸಿಎ ಕಲಿತಿರಬೇಕಿಲ್ಲ. ಅರ್ಧ ದಿನ ಬಿಡುವು, ಒಂದು ಪೆನ್ಸಿಲ್ ಸಾಕು.

ಮೊದಲು ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆಯಿರಿ. ತೆರಿಗೆಯ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಅಂತ ಸಾಲುಗಳಿರುತ್ತವೆ. ತೆರಿಗೆ 1,000 ರೂಪಾಯಿ ಇದ್ದರೆ ಇವೇ 240 ಆಗುತ್ತವೆ. ಈ 240 ಊರಿನ ಖರ್ಚಿಗೆ ಬಂದ ದುಡ್ಡಲ್ಲ. ನಗರಸಭೆ ವಸೂಲಿ ಮಾಡಿ ಬೇರೆಯವರಿಗೆ ದಾಟಿಸಬೇಕು.

ಇನ್ನು ಬಜೆಟ್ ಪುಸ್ತಕ. ನಗರಸಭೆ ವೆಬ್‌ಸೈಟಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಹಾಗಾಗಿ ಬಜೆಟ್‌ಗೆ ಒಂದು, ತೆರಿಗೆ ಬಾಕಿ ಪಟ್ಟಿಗೆ ಇನ್ನೊಂದು ಅರ್ಜಿ ಬರೆಯಿರಿ.

ಪುಸ್ತಕ ಕೈಗೆ ಬಂದ ಮೇಲೆ ‘ಆರಂಭಿಕ ಶಿಲ್ಕು’ ಹುಡುಕಿ. ಕಿತಾಪತಿ ಇರುವುದು ಇಲ್ಲೇ. ಹೋದ ವರ್ಷ ಖರ್ಚಾಗದೆ ಉಳಿದ ದುಡ್ಡು ಇದು. ಆರಂಭಿಕ ಶಿಲ್ಕು 6 ಕೋಟಿ, ವರ್ಷದ ಆದಾಯ 30 ಕೋಟಿ, ಖರ್ಚು 35 ಕೋಟಿ ಅಂದುಕೊಳ್ಳಿ. ಪೇಪರಿನಲ್ಲಿ ‘1 ಕೋಟಿ ಉಳಿತಾಯ’. ಶಿಲ್ಕು ಬದಿಗಿಟ್ಟರೆ 5 ಕೋಟಿ ಕೊರತೆ! ಶಿಲ್ಕಿನಲ್ಲಿ ಬಹಳ ಸಲ ಬೇರೆ ಕೆಲಸಕ್ಕೆ ಮುಟ್ಟಲಾಗದ ಅನುದಾನವೂ ಸೇರಿರುತ್ತದೆ. 2021ರಿಂದ 2026ರವರೆಗೆ 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಕೊಟ್ಟ ದುಡ್ಡನ್ನೇ ನೋಡಿ. ನಮ್ಮಂಥ ಊರುಗಳಿಗೆ ನೂರಕ್ಕೆ 60 ರೂಪಾಯಿ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು.

ಈಗ ಎರಡು ಪಟ್ಟಿ ಮಾಡಿ. ಒಂದು ಕಡೆ ಸ್ವಂತ ಆದಾಯ: ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಕಟ್ಟಡ ಮತ್ತು ವ್ಯಾಪಾರ ಪರವಾನಗಿ. ಇನ್ನೊಂದು ಕಡೆ ನಿತ್ಯದ ಖರ್ಚು: ಸಂಬಳ, ಕಸದ ಗಾಡಿಯ ಡೀಸೆಲ್, ಬೀದಿದೀಪ, ಭೀಮಾ ನದಿಯಿಂದ ನೀರೆತ್ತುವ ಪಂಪಿನ ಕರೆಂಟು. ಸಂಬಳಕ್ಕೂ ಕರೆಂಟಿಗೂ ರಾಜ್ಯದ ಅನುದಾನ ಬರುತ್ತದೆ ನಿಜ. ಆ ಅನುದಾನ ಮೂರು ತಿಂಗಳು ತಡವಾದರೆ ಊರು ನಡೆಯುತ್ತಾ? ನನ್ನ ಲೆಕ್ಕದಲ್ಲಿ ಆರೋಗ್ಯ ಪರೀಕ್ಷೆ ಅಂದರೆ ಇದೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ದುಡ್ಡಲ್ಲಿ ಚೆಂದದ ರಸ್ತೆ ಆಗಬಹುದು. ಅದನ್ನು ಗುಡಿಸುವ, ದೀಪ ಹಚ್ಚುವ ಖರ್ಚು ಮಾತ್ರ ಪ್ರತಿ ವರ್ಷ ನಗರಸಭೆ ತಲೆಗೇ.

ಕೊನೆಗೆ ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ಪಟ್ಟಿ. ಕಚೇರಿಯಲ್ಲಿ ‘ಡಿಸಿಬಿ’ ಅಂತ ಕೇಳಿ. ಬಾಕಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದ್ದರೆ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬಾಕಿಯಲ್ಲಿ ನಮ್ಮ ಮನೆಯೂ ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಅಲ್ವಾ? ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿಯೂ ಇದೆ.

ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಗೆರೆ ಎಳೆದ ಆ ಪುಟದ ಜೆರಾಕ್ಸ್ ಒಯ್ಯಿರಿ. ಸುಮ್ನೆ ‘ಅಭಿವೃದ್ಧಿ ಆಗಿಲ್ಲ’ ಅನ್ನಬೇಡಿ. ಪುಟದ ಸಂಖ್ಯೆ ಹೇಳಿ ಕೇಳಿ, ನಿಮ್ಮ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗುವವರೆಗೆ ಕುರ್ಚಿ ಬಿಡಬೇಡಿ.