ನಾಲಿಗೆ ಟಕ್ ಅನ್ನಬೇಕು

ನಾನು ಮಾಡಿದ ಮೊದಲ ವಜ್ರದ ಕಡಗ ಅನ್ನದ ಬುಟ್ಟಿಯಲ್ಲಿ ಸಿಕ್ಕಿತು. ಮದುವೆ ಮನೆಯಲ್ಲಿ ಬೀಗರಿಗೆ ಬಡಿಸುವಾಗ ಕೈಯಿಂದ ಜಾರಿದ್ದು ಹಾಕಿಕೊಂಡವರಿಗೇ ಗೊತ್ತಾಗಿರಲಿಲ್ಲ. ಮರುದಿನ ಲಿಂಗಸುಗೂರಿನ ನನ್ನ ಅಂಗಡಿಗೆ ಬಂದು ಅದನ್ನು ಮುಂದಿಟ್ಟು, "ಕಲ್ಲು ಚಂದ ಕೂಡ್ಸೀರಿ ಪತ್ತಾರ್ರ, ಆದ್ರ ಕೈಯಾಗ ನಿಲ್ಲವಲ್ದು" ಅಂದರು. ಒಂದು ಕಲ್ಲೂ ಅಲುಗಿರಲಿಲ್ಲ. ಕೆಟ್ಟಿದ್ದು ನಾಲಿಗೆ.

ನಾಲಿಗೆ ಅಂದರೆ ಕಡಗದ ಎರಡು ಹೋಳು ಕೂಡುವಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಯ ಡಬ್ಬಿಯೊಳಗೆ ಹೋಗಿ ಕಚ್ಚಿಕೊಳ್ಳುವ ಮಡಚಿದ ಪಟ್ಟಿ. ಅದಕ್ಕೆ ಬೇರೆ ಸ್ಪ್ರಿಂಗ್ ಇರುವುದಿಲ್ಲ. ಬಂಗಾರವನ್ನು ಬಡಿದಾಗ ಬರುವ ಬಿಗಿಯೇ ಸ್ಪ್ರಿಂಗ್. ನಾನು ಪಟ್ಟಿಯನ್ನು ಚೆನ್ನಾಗಿ ಬಡಿದು, ಮಡಚಿ, ಎಲ್ಲ ಆದ ಮೇಲೆ ಬೆಸುಗೆ ಹಾಕಿದ್ದೆ. ಬೆಂಕಿ ತಾಗಿದ್ದೇ ತಡ, ಬಡಿದು ತಂದ ಬಿಗಿಯೆಲ್ಲ ಇಳಿದುಹೋಗಿತ್ತು. ಅಪ್ಪನನ್ನು ಕೇಳೋಣವೆಂದರೆ ಅವರು ಜೀವಮಾನವಿಡೀ ಪಾಟ್ಲಿ, ಬಿಲ್ವಾರದಂಥ ಇಡೀ ಬಳೆ ಮಾಡಿದವರು. ಸೋಪು ಹಚ್ಚಿ ಕೈಗೆ ಏರಿಸಿದರೆ ಮುಗಿಯಿತು, ಅವಕ್ಕೆ ಬೀಗವೂ ಇಲ್ಲ, ಹೋಳು ತೆರೆದು ಮುಚ್ಚುವ ತಿರುಗಣಿಯೂ ಇಲ್ಲ.

ಈಗ ನಾನು ಮಾಡುವ ಕ್ರಮ ಬೇರೆ. ದಪ್ಪ ಪಟ್ಟಿಯನ್ನೇ ಮೊದಲು ಬೆಸೆಯುತ್ತೇನೆ. ಬೆಂಕಿ ಕೆಲಸ ಪೂರ್ತಿ ಮುಗಿದ ಮೇಲೆ ಅದನ್ನು ಬಡಿದು ತೆಳ್ಳಗೆ ಮಾಡಿ, ಸೂಜಿಯ ಸುತ್ತ ದುಂಡಗೆ ಮಡಚುತ್ತೇನೆ. ಚೂಪಾಗಿ ಮಡಚಿದರೆ ಅಲ್ಲೇ ಬಿರುಕು ಬಿಡುತ್ತದೆ. ಹೇಳುವುದಕ್ಕೆ ಮೂರು ಮಾತು. ಕೈಗೆ ಹತ್ತಲು ನಾಲ್ಕು ನಾಲಿಗೆ ಹಾಳಾದವು.

ಆಮೇಲೆ ಮಾಡಿದ ಕಡಗಗಳಲ್ಲಿ ಮನಸ್ಸಿಗೆ ಸಮಾಧಾನ ಕೊಟ್ಟದ್ದು ಒಬ್ಬ ನಿವೃತ್ತ ಟೀಚರಮ್ಮನದು. ಅತ್ತೆಯ ಕಾಲದ ಒಂದು ಜೊತೆ ಪಾಟ್ಲಿ ತಂದಿದ್ದರು. "ಹಟ್ಟಿ ಚಿನ್ನದ ಗಣಿ ಪಕ್ಕದಾಗ ಕುಂತೀರಿ, ನಿಮಗ ಬಂಗಾರ ಅಗ್ಗ ಸಿಗಬೇಕಲ್ಲ?" ಅಂತ ಶುರುಮಾಡಿದರು. ಇದು ನನಗೆ ವಾರಕ್ಕೊಮ್ಮೆಯಾದರೂ ಬೀಳುವ ಪ್ರಶ್ನೆ. ಒಂದು ಟನ್ ಕಲ್ಲು ಪುಡಿಮಾಡಿದರೆ ಬರುವುದು ಕೆಲವೇ ಗ್ರಾಂ, ಅದೂ ನಮ್ಮ ಅಂಗಡಿ ಬಾಗಿಲಿಗೆ ಬರುವುದಿಲ್ಲ. ನಾನೂ ಎಲ್ಲರಂತೆ ಪೇಟೆ ದರಕ್ಕೇ ಕೊಳ್ಳುವವನು.

ಪಾಟ್ಲಿ ಕರಗಿಸಿದಾಗ 40 ಗ್ರಾಂ ಗಟ್ಟಿ ಸಿಕ್ಕಿತು. 22 ಕ್ಯಾರೆಟ್, ಅಂದರೆ ನೂರಕ್ಕೆ ಸುಮಾರು 91.6 ಅಂತ ಮನೆಯವರ ನಂಬಿಕೆ. ಪರೀಕ್ಷೆಯಲ್ಲಿ ಬಂದದ್ದು ನೂರಕ್ಕೆ 88. ಹಳೆಯ ಒಡವೆಯಲ್ಲಿ ಬೆಸುಗೆ ಜಾಸ್ತಿ ಇರುತ್ತದೆ, ಯಾರೂ ಮೋಸ ಮಾಡಿದ್ದಲ್ಲ ಅಂತ ಬಿಡಿಸಿ ಹೇಳಿದೆ. ಅಪರಂಜಿ ಲೆಕ್ಕದಲ್ಲಿ 35.2 ಗ್ರಾಂ ಆಯಿತು. ಅದಕ್ಕೆ ಬೆಳ್ಳಿ ತಾಮ್ರ ಸೇರಿಸಿ 6.9 ಗ್ರಾಂ ಬೆರೆಸಿದರೆ 18 ಕ್ಯಾರೆಟ್, ಅಂದರೆ ನೂರಕ್ಕೆ 75. "ನಮ್ಮ ಬಂಗಾರಕ್ಕ ತಾಮ್ರ ಹಾಕ್ತೀರಾ?" ಅಂತ ಅವರ ಮುಖ ಸಣ್ಣದಾಯಿತು. ವಜ್ರ ಹಿಡಿಯುವ ಬಂಗಾರದ ಕಾಳು ಮೆತ್ತಗಿದ್ದರೆ ಸೆರಗಿಗೆ ಸಿಕ್ಕಿ ಎದ್ದು ಬಿಡುತ್ತದೆ, 18ರ ಗಟ್ಟಿತನ 22ಕ್ಕೆ ಬರುವುದಿಲ್ಲ ಎಂದು ಎರಡರ ತಂತಿಯನ್ನೂ ಅವರ ಕೈಗೆ ಕೊಟ್ಟು ಬಾಗಿಸಿ ನೋಡಿ ಅಂದೆ. ಮಾತು ಅಲ್ಲಿಗೆ ನಿಂತಿತು.

ಅಳತೆಯಲ್ಲಿ ಎಡವುವವರೇ ಹೆಚ್ಚು. ಬಳೆ ದುಂಡಗಿದ್ದರೂ ನಡೆಯುತ್ತದೆ, ಏಕೆಂದರೆ ಅದು ತಿರುಗಾಡುವ ಒಡವೆ. ಮೇಲ್ಭಾಗದಲ್ಲಷ್ಟೇ ಕಲ್ಲಿರುವ ಕಡಗ ತಿರುಗಿದರೆ ವಜ್ರ ಹೋಗಿ ಮೇಜು ಉಜ್ಜುತ್ತದೆ. ಮಣಿಕಟ್ಟು ಮೊಟ್ಟೆಯಾಕಾರದ್ದು, ಕಡಗವೂ ಹಾಗೇ ಇರಬೇಕು. ಕಾರ್ತಿಯೆ ಕಂಪನಿಗಾಗಿ ಆಲ್ಡೊ ಚಿಪುಲ್ಲೊ 1969ರಲ್ಲಿ ನ್ಯೂಯಾರ್ಕಿನಲ್ಲಿ ರೂಪಿಸಿದ, ಸ್ಕ್ರೂ ಹಾಕಿ ಮುಚ್ಚುವ 'ಲವ್' ಕಡಗವೂ ಮೊಟ್ಟೆಯಾಕಾರದ್ದೇ. ಕೋಟ್ಯಧೀಶರ ಕೈಯೂ ಟೀಚರಮ್ಮನ ಕೈಯೂ ಆ ವಿಷಯದಲ್ಲಿ ಒಂದೇ. ಆದರೆ ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿಗೆ ಕೈ ಊದುತ್ತದೆ. ಬೆಳಿಗ್ಗೆ ತಗೊಂಡ ಅಳತೆ ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ. ಅವರನ್ನು ಮೂರು ಗಂಟೆಗೆ ಮತ್ತೊಮ್ಮೆ ಕರೆಸಿ ಅಳೆದು, ಒಳಗಡೆ 58 ಮಿಲಿಮೀಟರ್ ಅಗಲ, 49 ಎತ್ತರ ಇಟ್ಟೆ.

ತಿರುಗಣಿಗೆ ಐದು ಕೊಳವೆ, ನಡುವೆ ಎಳೆದು ಬಿಗಿಮಾಡಿದ ತಂತಿಯ ಕಡ್ಡಿ. ಕೊಳವೆಯೊಳಗೆ ಬೆಸುಗೆ ಹರಿದರೆ ತಿರುಗಣಿ ಸತ್ತಂತೆ; ಹರಿಯದಿರಲೆಂದು ಸಂದುಗಳಿಗೆ ಕೆಮ್ಮಣ್ಣು ಬಳಿದಿದ್ದೆ. ಬೆಂಕಿಯ ಕೆಲಸ ಮುಗಿಸಿಯೇ ವಜ್ರಕ್ಕೆ ಕೈ ಹಚ್ಚಬೇಕು. ವಜ್ರವೂ ಇದ್ದಿಲಿನ ಜಾತಿಯದೇ. ಬರೀ ಗಾಳಿಯಲ್ಲಿ ಕೆಂಪಗೆ ಕಾದರೆ ಮೇಲ್ಮೈ ಸುಟ್ಟು ಹಾಲಿನ ಹಾಗೆ ಮಬ್ಬಾಗುತ್ತದೆ.

ಎರಡೂವರೆ ಮಿಲಿಮೀಟರಿನ 25 ಕಲ್ಲು, ಎಲ್ಲ ಸೇರಿ ಸುಮಾರು ಒಂದೂವರೆ ಕ್ಯಾರೆಟ್. ವಜ್ರದ ಕ್ಯಾರೆಟ್ ತೂಕದ ಲೆಕ್ಕ, ಅಂದರೆ 0.3 ಗ್ರಾಂ, ಅದನ್ನು ಬಂಗಾರದ ತೂಕದಿಂದ ಕಳೆದು ಚೀಟಿಯಲ್ಲಿ ಬರೆದೆ. ಕೂಡಿಸಿದ್ದು ನಮ್ಮಲ್ಲಿ ಕೆಲಸಕ್ಕಿರುವ ಬಂಗಾಳದ ಹುಡುಗ. ಭೂತಗನ್ನಡಿಯ ಕೆಳಗೆ ಅವನ ಕೈ ನನ್ನದಕ್ಕಿಂತ ಚೊಕ್ಕ, ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಪ್ರತಿ ಕಲ್ಲಿನ ಹಿಂದೆಯೂ ಕಿಂಡಿ ಕೊಯ್ದದ್ದು ಮಾತ್ರ ನಾನೇ. ಕಿಂಡಿಯಿಂದ ಬೆಳಕು ಬಂದು ವಜ್ರ ಹೊಳೆಯುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಚೆನ್ನಾಗಿ ಕತ್ತರಿಸಿದ ವಜ್ರ ಮೇಲಿಂದ ಬಂದ ಬೆಳಕನ್ನೇ ಮೇಲಕ್ಕೆ ತಿರುಗಿಸುತ್ತದೆ. ಕಿಂಡಿ ಇರುವುದು ತೊಳೆಯುವುದಕ್ಕೆ. ವಜ್ರಕ್ಕೆ ನೀರು ಅಂಟುವುದಿಲ್ಲ, ಎಣ್ಣೆ ಅಂಟುತ್ತದೆ. ಒಂದು ಸಂಜೆ ಮಿರ್ಚಿ ಭಜಿ ಕರಿದರೆ ಸಾಕು, ಹಿಂಭಾಗಕ್ಕೆ ಜಿಡ್ಡು ಕೂತು ಹೊಳಪು ಇಳಿಯುತ್ತದೆ. ಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್, ಅಷ್ಟೇ ಸಾಕು.

ಹಾಲ್‌ಮಾರ್ಕಿನಲ್ಲಿ ಸಾವಿರಕ್ಕೆ 750 ಎಂಬ ಗುರುತು ಬಂತು, ಪಕ್ಕದಲ್ಲಿ ಆರು ಅಕ್ಷರ-ಅಂಕಿಗಳ ಗುರುತು. ನಾಲಿಗೆ ಬಿಟ್ಟರೂ ಕಡಗ ಬೀಳದಿರಲೆಂದು ಪಕ್ಕಕ್ಕೆ ಎಂಟರ ಆಕಾರದ ಸಣ್ಣ ಕೊಂಡಿಯನ್ನೂ ಇಟ್ಟಿದ್ದೆ.

ಮಜೂರಿ ಚೀಟಿ ನೋಡಿ ಟೀಚರಮ್ಮ ಕನ್ನಡಕ ಏರಿಸಿದರು. "ಈ ನಾಲಿಗಿ ಒಂದು ಗ್ರಾಂ ಇಲ್ಲ, ಎರಡು ದಿನದ ಕೂಲಿ ಬರದೀರಿ?" ಅಂದರು. ನಾನು ಮಾತಾಡದೆ ಕಡಗವನ್ನು ಅವರ ಕಿವಿ ಹತ್ತಿರ ಹಿಡಿದು ಮುಚ್ಚಿದೆ. ಟಕ್ ಅಂತು. ತೆರೆದು ಮತ್ತೆ ಮುಚ್ಚಿದೆ. ತಾವೇ ಇಸಿದುಕೊಂಡು ಹತ್ತು ಸಲ ಟಕ್ ಟಕ್ ಅನ್ನಿಸಿ, ಐದು ನೂರು ಹಿಡಿದು ಉಳಿದದ್ದು ಎಣಿಸಿದರು. ಆ ಐದು ನೂರು ಇನ್ನೂ ಬಂದಿಲ್ಲ.