‘ತೆಗೆಸಬೇಡ’ ಎನ್ನುವವರು ಮಾಡಬೇಕಾದ ಕೆಲಸ

ಹೆರಿಗೆ ವಾರ್ಡಿನಲ್ಲೇ ಆಯುಷ್ಯ ಕಳೆದವಳು ನಾನು. ಮಂಗಳೂರಿನ ಕುಲಶೇಖರದ ನಮ್ಮ ವಾಳೆಯಲ್ಲಿ, ಎಂದರೆ ಚರ್ಚಿನ ವಾರ್ಡಿನಲ್ಲಿ, ಈಗಲೂ ಎಲ್ಲರಿಗೂ ‘ನರ್ಸ್ ಬಾಯಿ’. ಬೇಡದ ಬಸಿರು ನಿಂತರೆ ಹೆಂಗಸರು ಮೊದಲು ಬರುವುದು ನಮ್ಮ ಅಡುಗೆಮನೆಯ ಬಾಗಿಲಿಗೆ. ಗರ್ಭಪಾತ ಕೂಡದು ಎಂಬುದು ಚರ್ಚಿನ ಬೋಧನೆ, ನನ್ನ ನಂಬಿಕೆಯೂ ಅದೇ. ಆದರೆ ‘ತೆಗೆಸಬೇಡ’ ಎನ್ನಲು ಖರ್ಚೇನೂ ಇಲ್ಲ. ಹಾಗೆ ಹೇಳಿದವರ ತಲೆಗೆ ಕಡಿಮೆ ಎಂದರೂ ಎರಡು ವರ್ಷದ ಕೆಲಸ ಬಂತು ಎಂದೇ ಲೆಕ್ಕ. ಆ ಕೆಲಸ ಹೇಗೆ ಎಂದು ಸ್ತ್ರೀ ಸಂಘಟನೆಯ ಸಣ್ಣ ಪ್ರಾಯದವರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬಂದವಳನ್ನು ಕೂರಿಸಿ. ಟಿ.ವಿ. ಬಂದ್ ಮಾಡಿ. ಆದಿಕಾಂಡ 16ರಲ್ಲಿ ಬಸುರಿ ಹಾಗರಳು ಯಜಮಾನಿಯ ಕಾಟ ತಾಳದೆ ಓಡಿಹೋಗಿ ನೀರಿನ ಒರತೆಯ ಹತ್ತಿರ ಇರುವಾಗ ದೇವದೂತ ಕೇಳುವುದು ಎರಡೇ ಪ್ರಶ್ನೆ: ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತಿ? ‘ಯಾರದ್ದು’ ಎಂದು ಅವನು ಕೇಳುವುದಿಲ್ಲ. ನೀವೂ ಕೇಳಬೇಡಿ. (ಹಿಂದೆ ಹೋಗು ಎಂದು ಅವನು ಆಮೇಲೆ ಹೇಳುತ್ತಾನೆ, ನಿಜ. ಆ ಮಾತನ್ನು ಹೊಡೆಯುವ ಗಂಡನ ಮನೆಗೆ ಮಾತ್ರ ಅನ್ವಯಿಸಬೇಡಿ. ಅದಕ್ಕೆ ಮಹಿಳಾ ಸಹಾಯವಾಣಿ 181 ಉಂಟು.) ಹುಡುಗಿಗೆ 18 ತುಂಬಿಲ್ಲ ಎಂದಾದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೊ ಕಾಯ್ದೆ ಬರುತ್ತದೆ. ವಾಳೆಯ ಮುಂದಾಳು ಗುರಿಕಾರರು, ಮನೆಯ ಹಿರಿಯರು ಕೂತು ರಾಜಿ ಮಾಡಿಸುವ ಸಂಗತಿಯೇ ಅಲ್ಲ ಅದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಬರುವವರೆಲ್ಲ ಮದುವೆಯಾಗದ ಹುಡುಗಿಯರು ಎಂದುಕೊಂಡಿದ್ದೀರಾ? ನಾನು ಕಂಡವರಲ್ಲಿ ಹೆಚ್ಚಿನವರ ಕುತ್ತಿಗೆಯಲ್ಲಿ ಕರಿಮಣಿ ಇತ್ತು. ಬೀಡಿ ಕಟ್ಟುವ ಒಬ್ಬಳು ಬಂದಿದ್ದಳು, ಮೂರನೆಯ ಬಸಿರು. “ಬಾಯಿ, ಮಾತ್ರೆ ಉಂಟಾ?” ಎಂದು ನಿಂತಲ್ಲಿಂದಲೇ ಕೇಳಿದಳು. ಚಾ ಕೊಟ್ಟು, ಒಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಕೊಟ್ಟು, “ಯಾವುದಕ್ಕೆ ಹೆದರಿಕೆ, ಒಂದೊಂದೇ ಬರಿ ಮಗಾ” ಎಂದೆ. ಮನೆ ಬಾಡಿಗೆ. ಚೀಟಿ ಹಣ. ದೊಡ್ಡವಳ ಫೀಸು. ಕೊನೆಯ ತಿಂಗಳಲ್ಲಿ ಕೂತು ಬೀಡಿ ಕಟ್ಟಲಾಗದು. ಸಣ್ಣವನನ್ನು ಅಂಗನವಾಡಿಯಿಂದ ಕರೆತರಲು ಜನ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಅತ್ತೆ’. ಹಾಳೆಯಲ್ಲಿ ಮಗು ಬೇಡ ಎಂಬ ಮಾತೇ ಇರಲಿಲ್ಲ. ಫೀಸನ್ನು ಚರ್ಚಿನಲ್ಲಿ ಬಡವರಿಗೆ ನೆರವಾಗುವ ವಿನ್ಸೆಂಟ್ ದ ಪಾವ್ಲ್ ಸಭೆಯವರು ವಹಿಸಿಕೊಂಡರು, ಸಣ್ಣವನನ್ನು ಪಕ್ಕದ ಮನೆಯವಳು. ಅತ್ತೆಯ ಹತ್ತಿರ ನಾನೇ ಹೋದೆ. ಆ ಕತೆ ಇಲ್ಲಿ ಬೇಡ. ಈ ಹಾಳೆ ಬರೆಸದೆ ಉಪದೇಶಕ್ಕೆ ಇಳಿಯಬೇಡಿ. ಬಟ್ಟೆಯಿಲ್ಲದವನಿಗೆ ‘ಬೆಚ್ಚಗಿರು’ ಎಂದು ಬರಿ ಮಾತಿನಲ್ಲಿ ಕಳುಹಿಸುವವರ ವಿಷಯ ಯಾಕೋಬನ ಪತ್ರದಲ್ಲಿ ಉಂಟಲ್ಲ, ಅದು ನಮಗೇ ಹೇಳಿದ್ದು.

ಸರಕಾರದಿಂದ ಸಿಗುವುದನ್ನು ಬಿಡಬೇಡಿ. ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಮಾಡಿಸಿ, ಅಂಗನವಾಡಿಯಲ್ಲಿ ಹೆಸರು ಬರೆಸಿ. ಮೊದಲ ಮಗುವಾದರೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಬರುತ್ತದೆ. ಹೆರಿಗೆಗೆ ಸರಕಾರಿ ಆಸ್ಪತ್ರೆ ಲೇಡಿಗೋಷನ್ ಇದೆ.

ಸುಳ್ಳು ಹೇಳಿ ಹೆದರಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಭಕ್ತಿಯುಳ್ಳವರೇ ಹೇಳುವುದನ್ನು ಕೇಳಿದ್ದೇನೆ: ‘ಇನ್ನು ನಿನಗೆ ಮಕ್ಕಳೇ ಆಗುವುದಿಲ್ಲ’, ‘ಪೊಲೀಸರು ಹಿಡಿಯುತ್ತಾರೆ’. ಹತ್ತು ಕಟ್ಟಳೆಗಳಲ್ಲಿ ಸುಳ್ಳುಸಾಕ್ಷಿಯದ್ದೂ ಒಂದು. 1971ರ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯಂತೆ, ತೆಗೆಸಲು 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರದು ಬೇಕು. 18 ದಾಟಿದವಳಿಗೆ ಗಂಡನ ಒಪ್ಪಿಗೆಯೂ ಬೇಡ, ಅಪ್ಪನದೂ ಬೇಡ. ನಮಗೆ ಇಷ್ಟವಿರಲಿ ಇಲ್ಲದಿರಲಿ, ಕಾನೂನು ಇರುವುದು ಹೀಗೆ, ನಿರ್ಧಾರ ಅವಳದ್ದು. ಮೆಡಿಕಲ್ ಶಾಪಿನಿಂದ ಗುಟ್ಟಾಗಿ ತಂದ ಮಾತ್ರೆ ಮಾತ್ರ ಬೇಡವೇ ಬೇಡ ಎನ್ನಿ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ, ಒಳಗೆ ಒಡೆದರೆ ಜೀವಕ್ಕೇ ಬರುತ್ತದೆ.

ಹೆತ್ತರೂ ಸಾಕಲಾರೆ ಎಂದರೆ? ‘ಮಕ್ಕಳಿಲ್ಲದ ಒಳ್ಳೆ ದಂಪತಿ ಗೊತ್ತುಂಟು, ಸೀದಾ ಕೊಟ್ಟುಬಿಡುವ’ ಎನ್ನುವವರು ಪ್ರತಿ ಚರ್ಚಿನಲ್ಲೂ ಇದ್ದಾರೆ. ಅದು ಅಪರಾಧ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬೇಕು. ತಾಯಿಯ ಗುರುತು ಗುಟ್ಟಾಗಿರುತ್ತದೆ, ಮನಸ್ಸು ಬದಲಾದರೆ ವಾಪಸು ಕೇಳಲು ಎರಡು ತಿಂಗಳು ಸಮಯವಿರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವರು ತೆಗೆಸುತ್ತಾರೆ. ಆಗ ಬಾಗಿಲು ಹಾಕಿಕೊಂಡರೆ ನಮ್ಮ ಅಷ್ಟು ದಿನದ ಪ್ರೀತಿ ಬರೀ ಚೌಕಾಸಿಯಾಯಿತು. ಅವಳದೂ ರಕ್ತ ಹೋದ ಮೈ. ಕುಚ್ಚಲಕ್ಕಿ ಗಂಜಿ, ಮೆಂತೆ, ಬಿಸಿನೀರು, ಬಾಣಂತಿಗೆ ಏನು ಕೊಡುತ್ತೀರೋ ಅದನ್ನೇ ಕೊಡಿ. ಗಂಟೆಗೆ ಎರಡು ಪ್ಯಾಡ್ ಒದ್ದೆಯಾಗುವಷ್ಟು ರಕ್ತ ಹೋಗುತ್ತಿದ್ದರೆ, ಜ್ವರ ಬಂದರೆ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಪಾಪನಿವೇದನೆಯ ಮಾತನ್ನು ಅವಳಾಗಿ ಎತ್ತಿದರೆ ಬಿಷಪರವರೆಗೆ ಹೋಗಬೇಕಾದೀತು ಎಂದು ಹೆದರಿಸಬೇಡಿ. ಈ ಪಾಪಕ್ಕೆ ಕ್ಷಮೆ ಕೊಡುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರಲ್ಲೇ ಎಲ್ಲ ಗುರುಗಳಿಗೆ ಕೊಟ್ಟಿದ್ದಾರೆ.

ಹೆತ್ತವಳ ಮನೆಗೆ ಜ್ಞಾನಸ್ನಾನದ ದಿನ ಕೇಕು ತಿನ್ನಲು ಎಲ್ಲರೂ ಬರುತ್ತಾರೆ, ಆಮೇಲೆ ಒಂದು ನಾಯಿಯೂ ಸುಳಿಯುವುದಿಲ್ಲ. ಹಾಗಾಗಿ ಚುಚ್ಚುಮದ್ದಿನ ದಿನಗಳನ್ನೇ ಹಂಚಿಕೊಳ್ಳಿ: ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು, ಆಮೇಲೆ ಒಂಬತ್ತಕ್ಕೆ ದಡಾರದ್ದು. ಪ್ರತಿ ಸಲಕ್ಕೂ ಒಬ್ಬರ ಹೆಸರು ಬರೆದಿಡಿ. ಹೋದವರು ಮಗುವನ್ನು ಎತ್ತಿಕೊಂಡು ಫೋಟೊ ತೆಗೆಯುವುದು ಬೇಡ; ಅಲ್ಲಿ ಸಾಲಿನಲ್ಲಿ ನಿಂತು, ಬಸ್ಸಿನ ದುಡ್ಡು ಕೊಟ್ಟು, ಕ್ಯಾಲೆಂಡರ್ ಹಾಳೆಯಲ್ಲಿ ಇನ್ನೇನು ಉಳಿದಿದೆ ಎಂದು ಕೇಳಿಕೊಂಡು ಬನ್ನಿ.